ಮಾತು ಶುರುವಾಗುವ ಮೊದಲು

ನಾಗಪುರದ ಮನೀಶ್ ನಗರದ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಪ್ರಭುದೇವ ಒಬ್ಬನೇ ಇರುತ್ತಾನೆ. ಸಿವಿಲ್ ಲೈನ್ಸಿನ ಸರಕಾರಿ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್. ಅವನಿಗೆ ಕಣ್ಣು ಕಾಣುವುದಿಲ್ಲ. ಹುಟ್ಟಿನಿಂದ ಬಂದ ಕುರುಡಲ್ಲ ಅದು. ಚಿಕ್ಕವನಿದ್ದಾಗ ಸಂಜೆಯಾಯಿತೆಂದರೆ ಎಡವುತ್ತಿದ್ದ. ಕಾಲೇಜು ಸೇರುವಷ್ಟರಲ್ಲಿ ಪಕ್ಕದ ನೋಟ ಹೋಗಿ, ಕೊಳವೆಯೊಳಗಿಂದ ನೋಡಿದಂತೆ ಎದುರಿನದಷ್ಟೇ ಕಾಣುತ್ತಿತ್ತು. ಮೂವತ್ತು ದಾಟಿದ ಮೇಲೆ ಕಿಟಕಿ ಯಾವ ಕಡೆಗಿದೆ ಎಂಬುದೂ ತಿಳಿಯದಾಯಿತು. ತೋರಿಸಿದ ಡಾಕ್ಟರುಗಳೆಲ್ಲ ಒಂದೇ ಮಾತು ಹೇಳಿದರು: ಕಣ್ಣಿನ ಒಳಪದರ ಸವೆಯುತ್ತಿದೆ, ಇದಕ್ಕೆ ಔಷಧವಿಲ್ಲ.

ತಂದೆ ಗುರುಪಾದಪ್ಪ ಮುದ್ದೇಬಿಹಾಳದ ಕಡೆಯವರು. ಕಳಮನಾ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತರಾಗಿ ಬಂದು ನಾಗಪುರದಲ್ಲೇ ಉಳಿದವರು. ಮಕ್ಕಳು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಏನಿದ್ದರೂ ಮನೆಯೊಳಗೆ, ಅದೂ ತಾಯಿ ಶರಣವ್ವನ ಬಾಯಲ್ಲಿ. ತಂದೆ ತೀರಿಕೊಂಡರು, ತಂಗಿ ಶೀತಲ್ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಳು. ಪ್ರಭುದೇವನಿಗೂ ಒಂದೆರಡು ಕಡೆ ಮದುವೆಯ ಮಾತುಕತೆ ನಡೆದು ಮುರಿದುಬಿತ್ತು. ಆಮೇಲೆ ಅವನೇ ಬೇಡವೆಂದ. ಶರಣವ್ವ ಹೋದ ಮೇಲೆ ಆ ಮನೆಯಲ್ಲಿ ಕನ್ನಡ ಕೇಳುವುದು ನಿಂತಿತು.

ಉಳಿದದ್ದು ಕಂಪ್ಯೂಟರಿನ ದನಿ. ಕಣ್ಣು ಪೂರ್ತಿ ಹೋದಾಗ ಕಚೇರಿಯವರು ಅವನನ್ನು ಪುಣೆಯ ತರಬೇತಿ ಕೇಂದ್ರಕ್ಕೆ ಕಳಿಸಿದ್ದರು. ಅಲ್ಲಿ ಕಲಿಸಿದ್ದು ಲಿನಕ್ಸ್, ವಿಂಡೋಸಿನ ಬದಲು ಹಾಕಿಕೊಳ್ಳುವ ಬಿಟ್ಟಿ ವ್ಯವಸ್ಥೆ. ಪರದೆಯ ಮೇಲೆ ಇರುವುದನ್ನೆಲ್ಲ ಗಟ್ಟಿಯಾಗಿ ಓದುವ ತಂತ್ರಾಂಶ ಅದರಲ್ಲಿತ್ತು. ಇಂಗ್ಲಿಷ್, ಹಿಂದಿ ಓದುತ್ತಿತ್ತು, ಡಬ್ಬಿಯೊಳಗಿಂದ ಬಂದಂಥ ದನಿಯಲ್ಲಿ ಕನ್ನಡವನ್ನೂ ಓದುತ್ತಿತ್ತು. ಕಣ್ಣಿದ್ದಾಗ ಕನ್ನಡ ಅಕ್ಷರ ಕೂಡಿಸಲು ತಿಣುಕುತ್ತಿದ್ದವನು ಕಣ್ಣು ಹೋದ ಮೇಲೆ ಕನ್ನಡ ಪತ್ರಿಕೆ ಓದತೊಡಗಿದ. ಕಚೇರಿಯಿಂದ ಬಂದು ಕೈಕಾಲು ತೊಳೆದು, ಮೊದಲು ಒತ್ತುವುದು ಕಂಪ್ಯೂಟರಿನ ಗುಂಡಿ. ಫ್ಯಾನು ಜೋರಾಗಿ ತಿರುಗಿ ಮೆತ್ತಗಾಗುತ್ತದೆ, ಒಂದು ಸಣ್ಣ ಬೀಪ್ ಬರುತ್ತದೆ, ಆಮೇಲೆ ಉದ್ದನೆಯ ಮೌನ. ನಡುನಡುವೆ ಹಾರ್ಡ್ ಡಿಸ್ಕ್ ಇಲಿ ಕಡಿದಂತೆ ಕರಕರ ಅನ್ನುತ್ತದೆ. ಕೊನೆಗೊಮ್ಮೆ ದನಿ ಬಂದು ಪಾಸ್‌ವರ್ಡ್ ಕೇಳುತ್ತದೆ. ಆ ಮೌನದಲ್ಲಿ ಏನು ನಡೆಯುತ್ತದೆಂದು ಅವನು ಯೋಚಿಸಿದವನಲ್ಲ. ಕುಕ್ಕರ್ ಸೀಟಿ ಹೊಡೆಯುವವರೆಗೆ ಕಾಯುವಂತೆ ಕಾಯುತ್ತಿದ್ದ, ಅಷ್ಟೇ.

ಒಂದು ಮೇ ತಿಂಗಳಲ್ಲಿ ಕರೆಂಟು ಹೋಗಿ ಬಂತು. ನಾಗಪುರದ ಮೇ ಅಂದರೆ ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಮನೆಮನೆಯ ಕೂಲರುಗಳು ಒಟ್ಟಿಗೆ ನಿಂತು, ಒಟ್ಟಿಗೆ ಶುರುವಾದವು. ಪ್ರಭುದೇವ ಕಂಪ್ಯೂಟರ್ ಹಾಕಿದ. ಫ್ಯಾನು, ಬೀಪ್, ಮೌನ. ಆ ಮೌನ ಮುಗಿಯಲೇ ಇಲ್ಲ. ಆರಿಸಿ ಮತ್ತೆ ಹಾಕಿದ. ಮತ್ತೆ ಅದೇ.

ಎದುರಿನ ಫ್ಲ್ಯಾಟಿಗೆ ಕೆಲವು ವಾರಗಳ ಹಿಂದೆ ಹೊಸಬರು ಬಂದಿದ್ದರು. ಗಂಡ ರಂಜನ್ ವಾಯುಸೇನೆಯಲ್ಲಿ ಸಾರ್ಜೆಂಟ್, ಹೆಂಡತಿ ಯಶಿಕಾ. ಮಡಿಕೇರಿಯ ಹತ್ತಿರದ ಕೊಡವರು. ಮೆಟ್ಟಿಲಲ್ಲಿ ಆಕೆ ಫೋನಿನಲ್ಲಿ ಮಾತಾಡುತ್ತ ಹೋಗುವುದನ್ನು ಪ್ರಭುದೇವ ಕೇಳಿದ್ದ. ಕೆಲವೊಮ್ಮೆ ಕೊಡವ ಭಾಷೆ, ಕೆಲವೊಮ್ಮೆ ಮೈಸೂರಿನ ಗೆಳತಿಯ ಜೊತೆ ಕನ್ನಡ. ಇಲ್ಲಿಯವರೆಗೆ ಮಾತಾಡಿಸಿರಲಿಲ್ಲ. ಈಗ ಹೋಗಿ ಬೆಲ್ ಒತ್ತಿದ.

"ನಾ ಎದುರಿನ ಮನಿಯಾವ್ರಿ, ಪ್ರಭುದೇವ ಅಂತ. ಕಣ್ಣ ಕಾಣಂಗಿಲ್ಲ ನನಗ. ಕಂಪ್ಯೂಟರ್ ಮಾತಾಡವಲ್ದು. ಪರದೆ ಮ್ಯಾಲೆ ಏನ್ ಬರದೈತಿ, ಒಂಚೂರು ಓದಿ ಹೇಳ್ತೀರೇನ್ರಿ?"

"ಅಯ್ಯೋ, ನೀವು ಕನ್ನಡದವ್ರಾ?" ಎಂದಳು ಯಶಿಕಾ. "ಬಂದೆ ಇರಿ, ಗ್ಯಾಸ್ ಆಫ್ ಮಾಡಿ ಬರ್ತೀನಿ."

ಬಂದು ಪರದೆಯ ಮುಂದೆ ಕೂತು ಓದಿದಳು. "ಎಲ್ಲಾ ಇಂಗ್ಲಿಷ್‌ನಲ್ಲಿದೆ ಸರ್. ಎಸ್‌ಡಿಎ ಟೂ, ಅನ್‌ಎಕ್ಸ್‌ಪೆಕ್ಟೆಡ್ ಇನ್‌ಕನ್ಸಿಸ್ಟೆನ್ಸಿ. ಆಮೇಲೆ, ಎಫ್ ಎಸ್ ಸಿ ಕೆ ಅನ್ನೋದನ್ನ ಕೈಯಿಂದ ಓಡಿಸಿ ಅಂತಿದೆ. ಕೆಳಗೆ ಬ್ರ್ಯಾಕೆಟ್ ಒಳಗೆ ಇನಿಟ್ ರ‍್ಯಾಮ್ ಎಫ್ ಎಸ್ ಅಂತ ಇದೆ. ಪಕ್ಕದಲ್ಲಿ ಒಂದು ಗೆರೆ ಮಿಣುಕ್ತಾ ಇದೆ."

"ಮಿಣಕತೈತೇನ್ರಿ? ಹಂಗಂದ್ರ ಜೀವ ಐತಿ. ನಾವ್ ಏನರೆ ಹೇಳ್ಲಿ ಅಂತ ಕಾಯಾಕತ್ತೈತಿ."

ಫೋನಿನಲ್ಲಿ ಹುಡುಕಿ, ಇಯರ್‌ಫೋನಿನಲ್ಲಿ ಕೇಳಿ, ಆ ಎಫ್ ಎಸ್ ಸಿ ಕೆ ಎಂಬ ಆದೇಶವನ್ನು ಅವನೇ ಟೈಪ್ ಮಾಡಿದ. ಕರೆಂಟು ಹೋದಾಗ ಡಿಸ್ಕಿನಲ್ಲಿ ಅರ್ಧ ಬರೆದು ಉಳಿದದ್ದನ್ನೆಲ್ಲ ಅದು ಸರಿಪಡಿಸಿತು. ಬಂದ ಸಾಲುಗಳನ್ನು ಯಶಿಕಾ ಓದುತ್ತ ಹೋದಳು. ಮತ್ತೆ ಶುರು ಮಾಡಿದಾಗ ದನಿ ಬಂತು. ಪ್ರಭುದೇವ ಚಹಾ ಮಾಡಿದ. ಅವನು ಒಲೆ ಹಚ್ಚುವುದನ್ನೂ ಹಾಲು ಉಕ್ಕುವ ಸದ್ದಿಗೆ ಸರಿಯಾಗಿ ಆರಿಸುವುದನ್ನೂ ಆಕೆ ಸುಮ್ಮನೆ ನೋಡುತ್ತ ನಿಂತಿದ್ದಳು.

"ಅಲ್ಲಾ ಸರ್, ಆಗ ಅದು ಎಲ್ಲಿ ನಿಂತಿತ್ತು?" ಎಂದು ಕೇಳಿದಳು. "ಆನ್ ಆಗಿತ್ತು, ಆದ್ರೆ ಆನ್ ಆಗಿರ್ಲಿಲ್ಲ. ಹಾಗಾದ್ರೆ ಎಲ್ಲಿತ್ತು?"

ಪ್ರಭುದೇವನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ದಿನಾ ಆ ಮೌನದ ಪಕ್ಕ ಕೂತಿದ್ದೇನೆ, ಅದೇನೆಂದು ಕೇಳಿಕೊಂಡಿಲ್ಲವಲ್ಲ ಅನ್ನಿಸಿತು.

ಅಲ್ಲಿಂದ ಕಲಿಕೆ ಶುರುವಾಯಿತು. ಕಚೇರಿಯ ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂತು ಫೋನಿನಿಂದ ಓದಿಸಿಕೊಳ್ಳುತ್ತಿದ್ದ. ಗುಂಡಿ ಒತ್ತಿದೊಡನೆ ಎಚ್ಚರವಾಗುವುದು ಮದರ್‌ಬೋರ್ಡಿನ ಚಿಪ್ಪಿನೊಳಗಿರುವ ಸಣ್ಣ ಪ್ರೋಗ್ರಾಮು. ಮೆಮರಿ, ಕೀಬೋರ್ಡ್ ಎಲ್ಲ ಸರಿಯಿದೆಯೇ ಎಂದು ನೋಡಿ ಬೀಪ್ ಅನ್ನುವುದು ಅದೇ. ಅದು ಡಿಸ್ಕಿನಲ್ಲಿರುವ ಗ್ರಬ್ ಎಂಬ ಇನ್ನೊಂದು ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಯಾವ ಲಿನಕ್ಸ್ ಶುರುಮಾಡಲಿ ಎಂದು ಗ್ರಬ್ ಪರದೆಯ ಮೇಲೆ ಸಾಲುಗಳನ್ನು ತೋರಿಸಿ ಕೇಳುತ್ತದೆ, ಯಾರೂ ಹೇಳದಿದ್ದರೆ ತಾನೇ ಮೊದಲನೆಯದನ್ನು ಆರಿಸುತ್ತದೆ. ಆಮೇಲೆ ಕರ್ನೆಲ್ ಬರುತ್ತದೆ, ಇಡೀ ವ್ಯವಸ್ಥೆಯನ್ನು ನಡೆಸುವ ಮೂಲ ಭಾಗ. ಆದರೆ ಕರ್ನೆಲ್‌ಗೆ ತನ್ನ ಡಿಸ್ಕನ್ನೇ ಓದಲು ಬೇಕಾದ ಸಲಕರಣೆ ಎಷ್ಟೋ ಸಲ ಕೈಯಲ್ಲಿರುವುದಿಲ್ಲ. ಅದಿರುವುದು ಆ ಡಿಸ್ಕಿನಲ್ಲೇ. ಈ ತೊಡಕು ಬಿಡಿಸಲು ಗ್ರಬ್ ಅದರ ಜೊತೆಗೆ ಒಂದು ಸಣ್ಣ ಗಂಟನ್ನು ಮೆಮರಿಗೆ ತಂದು ಹಾಕುತ್ತದೆ. ಅದೇ ಇನಿಟ್‌ರ‍್ಯಾಮ್‌ಎಫ್ಎಸ್. ನಾಲ್ಕಾರು ಸಲಕರಣೆ ಮಾತ್ರ ಇರುವ ಒಂದು ತಾತ್ಕಾಲಿಕ ವ್ಯವಸ್ಥೆ. ಕರ್ನೆಲ್ ಅದನ್ನು ಬಿಚ್ಚಿ, ಅದರ ಸಹಾಯದಿಂದ ನಿಜವಾದ ಡಿಸ್ಕನ್ನು ಹುಡುಕಿ, ಸಿಕ್ಕ ಮೇಲೆ ಅಲ್ಲಿಗೆ ದಾಟುತ್ತದೆ. ದಾಟಿದ ಮೇಲೆ ಮೊದಲ ಪ್ರೋಗ್ರಾಮು ಓಡುತ್ತದೆ, ಅದು ಉಳಿದವನ್ನೆಲ್ಲ ಒಂದೊಂದಾಗಿ ಎಬ್ಬಿಸುತ್ತದೆ. ಅವನಿಗೆ ಬೇಕಾದ ದನಿ ಎಲ್ಲಕ್ಕೂ ಕೊನೆಯಲ್ಲಿ ಬರುವಂಥದ್ದು.

ಯಶಿಕಾ ಕೇಳಿದ್ದಕ್ಕೆ ಈಗ ಉತ್ತರವಿತ್ತು. ಅಂದು ಯಂತ್ರ ನಿಂತದ್ದು ಆ ತಾತ್ಕಾಲಿಕ ಜಾಗದಲ್ಲಿ. ಡಿಸ್ಕ್ ಸಿಕ್ಕಿತ್ತು, ಆದರೆ ಕೆಟ್ಟಿತ್ತು, ದಾಟಲು ಆಗಿರಲಿಲ್ಲ. ಇನ್ನೊಂದು ಸಂಗತಿಯೂ ತಿಳಿಯಿತು. ಆ ಹೊತ್ತಿನಲ್ಲೆಲ್ಲ ಯಂತ್ರ ಸುಮ್ಮನಿರುವುದಿಲ್ಲ. ಪ್ರತಿ ಹೆಜ್ಜೆಯನ್ನೂ ಹೇಳುತ್ತಲೇ ಇರುತ್ತದೆ. ಹೇಳುವುದು ಗಾಜಿನ ಮೇಲೆ ಬರೆದು. ಮೌನ ಇದ್ದದ್ದು ಅವನಿಗೊಬ್ಬನಿಗೇ.

ಇದನ್ನು ಹೇಳಿದಾಗ ಯಶಿಕಾ, "ಹಾಗಾದ್ರೆ ಪೂರ್ತಿ ಓದೋಣ ಬಿಡಿ ಅಣ್ಣ," ಎಂದಳು. ಅಷ್ಟರಲ್ಲಿ ಸರ್ ಹೋಗಿ ಅಣ್ಣ ಆಗಿತ್ತು. ರಂಜನ್ ಆಗಾಗ ಬೇರೆ ಸ್ಟೇಷನ್ನಿಗೆ ಡ್ಯೂಟಿ ಮೇಲೆ ಹೋಗುತ್ತಿದ್ದ. ಆಕೆಗೆ ಮರಾಠಿ ಬರುತ್ತಿರಲಿಲ್ಲ, ಹಿಂದಿ ಅಷ್ಟಕ್ಕಷ್ಟೆ. ಶನಿವಾರ ಮಧ್ಯಾಹ್ನ ಬಂದು ಪರದೆಯ ಮುಂದೆ ಕೂರುತ್ತಿದ್ದಳು. ಅವನು ಗುಂಡಿ ಒತ್ತುತ್ತಿದ್ದ, ಅವಳು ಓದುತ್ತಿದ್ದಳು. ಸಾಲುಗಳು ಸರಸರ ಮೇಲೆ ಹೋಗುತ್ತಿದ್ದವು. ಸಿಕ್ಕಷ್ಟು ಓದಿ, ಉಸಿರು ಕಟ್ಟಿದಂತಾಗಿ ನಗುತ್ತಿದ್ದಳು. ಗ್ರಬ್ಬಿನ ಪಟ್ಟಿಯನ್ನು ಬಿಡಿಸಿ ಬಿಡಿಸಿ ಓದಿ ತೋರಿಸಿದಳು. ಮೊದಲ ಸಾಲು ಮಾಮೂಲಿನದು, ಎರಡನೆಯ ಸಾಲಿನೊಳಗೆ ಹೋದರೆ ಹೊಸ ಕರ್ನೆಲ್, ಅದರ ದುರಸ್ತಿಯದು, ಆಮೇಲೆ ಹಳೆಯ ಕರ್ನೆಲ್. ಓದಿ ಮುಗಿದ ಮೇಲೆ ಚಹಾ. ಆಕೆ ತನ್ನೂರಿನ ಮಾತು ಹೇಳುವಳು, ಇವನು ಶರಣವ್ವ ರೊಟ್ಟಿ ಬಡಿಯುವ ಸದ್ದಿಗೆ ತಾನು ಎದ್ದೇಳುತ್ತಿದ್ದುದನ್ನು ಹೇಳುವನು.

ಒಂದು ವಿಷಯ ಮಾತ್ರ ಪ್ರಭುದೇವ ಹೇಳಿರಲಿಲ್ಲ. ಕರ್ನೆಲ್ ಬರೆಯುವ ಆ ಸಾಲುಗಳೆಲ್ಲ ಯಂತ್ರದಲ್ಲಿ ಉಳಿದಿರುತ್ತವೆ. ದನಿ ಬಂದ ಮೇಲೆ ಅವನ್ನು ತಾನೇ ನಿಧಾನವಾಗಿ ಕೇಳಿಕೊಳ್ಳಬಹುದಿತ್ತು. ಎರಡನೇ ಶನಿವಾರಕ್ಕೇ ಅದು ಅವನಿಗೆ ಗೊತ್ತಾಗಿತ್ತು. ಯಂತ್ರ ದಾರಿಯಲ್ಲೇ ನಿಂತರೆ ಮಾತ್ರ ಇನ್ನೊಬ್ಬರ ಕಣ್ಣು ಬೇಕು. ಸುಸೂತ್ರವಾಗಿ ಶುರುವಾದ ದಿನ ಬೇಕಿಲ್ಲ. ಆದರೂ ಅವನು ಸುಮ್ಮನಿದ್ದ, ಆಕೆ ಓದಲು ಬರುತ್ತಿದ್ದಳು.

ಆ ವರ್ಷದ ಗಣಪತಿ ಹಬ್ಬ ಮುಗಿಯುವಷ್ಟರಲ್ಲಿ ರಂಜನ್‌ಗೆ ಅಸ್ಸಾಮಿನ ತೇಜಪುರಕ್ಕೆ ವರ್ಗವಾಯಿತು. ಸಾಮಾನಿನ ಲಾರಿ ಕೆಳಗೆ ಬಂದು ನಿಂತ ದಿನ ಪ್ರಭುದೇವ ರಜೆ ಹಾಕಿ ಮನೆಯಲ್ಲಿದ್ದ. ಪೆಟ್ಟಿಗೆಗಳು ಮೆಟ್ಟಿಲಿಗೆ ತಾಗುವುದು, ಕೂಲಿಯವರು ಒಬ್ಬರಿಗೊಬ್ಬರು ಹುಷಾರು ಹೇಳುವುದು ಎಲ್ಲ ಕೇಳುತ್ತಿತ್ತು. ಕೊನೆಗೆ ಯಶಿಕಾ ಬಂದಳು.

"ಹೊರಟ್ವಿ ಅಣ್ಣ. ಕಾಫಿಪುಡಿ ಉಳಿದಿತ್ತು, ತಗೊಳ್ಳಿ. ಫೋನ್ ಮಾಡ್ತಿರಿ."

"ಆಯ್ತ್ರಿ. ಅಲ್ಲಿ ಚಳಿ ಭಾಳ ಅಂತ. ಸಂಭಾಳಿಸ್ರಿ."

ರಂಜನ್ ಅವನ ಕೈ ಹಿಡಿದು ಕುಲುಕಿದ. ಇಬ್ಬರ ಹೆಜ್ಜೆ ಕೆಳಗಿಳಿದವು. ಪ್ರಭುದೇವ ಬಾಗಿಲು ಹಾಕಿಕೊಂಡ.

ದೀಪಾವಳಿಯ ರಜೆ ಶುರುವಾದ ದಿನ ಅವನು ಕಂಪ್ಯೂಟರನ್ನು ಅಪ್‌ಡೇಟ್ ಮಾಡಿ, ಆರಿಸಿ ಹಾಕಿದ. ಫ್ಯಾನು, ಬೀಪ್, ಮೌನ. ಈ ಸಲ ಡಿಸ್ಕಿನ ಕರಕರವೂ ಬೇಗ ನಿಂತುಹೋಯಿತು. ಬೆರಳು ಮೇಜಿನ ಮೇಲಿಟ್ಟು ಕಾದ. ಏನೂ ಬರಲಿಲ್ಲ.

ಎದುರಿನ ಮನೆಗೆ ಬೀಗ. ಮೇಲಿನ ಮಹಡಿಯ ನಿಖಿಲ್ ಎಂಬ ಯುವಕ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವನು. ಮೆಟ್ಟಿಲಿಳಿಯುತ್ತಿದ್ದವನನ್ನು ಪ್ರಭುದೇವ ಕರೆದ. ಅವನು ಒಳ್ಳೆಯವನೇ, ಬಂದ. ಬಟ್ಟೆಗೆಲ್ಲ ಪಟಾಕಿಯ ವಾಸನೆ.

"ಕಾಕಾ, ಸಗಳಂ ಕಾಳಂ ಆಹೇ," ಎಂದ. ಪರದೆ ಪೂರ್ತಿ ಕಪ್ಪಗಿದೆ, ಮೇಲೆ ಬಿಳಿ ಅಕ್ಷರ ತುಂಬಿವೆ, ತನಗೇನೂ ಅರ್ಥವಾಗುತ್ತಿಲ್ಲ ಎಂದು ಮರಾಠಿಯಲ್ಲೇ ಹೇಳಿದ. ಅಕ್ಷರ ಬಿಡಿಸಿ ಹೇಳು ಎಂದು ಪ್ರಭುದೇವ ಕೇಳುವಷ್ಟರಲ್ಲಿ ಗುಂಡಿ ಒತ್ತಿ ಆರಿಸಿಬಿಟ್ಟಿದ್ದ. "ಜುನಾ ಝಾಲಾ ಕಾಕಾ. ನವಾ ಘ್ಯಾ." ಹಳೆಯದಾಯಿತು, ಹೊಸದು ತಗೊಳ್ಳಿ. ಕೆಳಗಿಂದ ಗೆಳೆಯರು ಕೂಗಿದರು, ಓಡಿಹೋದ.

ಪ್ರಭುದೇವ ಯಂತ್ರವನ್ನು ಮತ್ತೆ ಹಾಕಿದ. ಫೋನಿನ ಕ್ಯಾಮೆರಾ ಹಿಡಿದು ಓದಿಸುವ ಆ್ಯಪ್ ಇತ್ತು. ಪರದೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಕೈಯಲ್ಲಿ ಸವರಿ, ಫೋನನ್ನು ಎದುರಿಗೆ ಹಿಡಿದು ನೋಡಿದ. ಕಿಟಕಿಯ ಬೆಳಕು ಗಾಜಿನಲ್ಲಿ ಹೊಳೆಯುತ್ತಿತ್ತೋ ಏನೋ, ಅದು ಅಲ್ಲೊಂದು ಇಲ್ಲೊಂದು ತುಣುಕು ಓದಿತು. ಕೆಲವಕ್ಕೆ ಅರ್ಥವಿರಲಿಲ್ಲ. ಎರಡು ಮಾತ್ರ ಮತ್ತೆ ಮತ್ತೆ ಬಂದವು: ಪ್ಯಾನಿಕ್, ಅನ್‌ನೋನ್ ಬ್ಲಾಕ್.

ಆ ದಿನ ಅವನು ಅಡಿಗೆ ಮಾಡಲಿಲ್ಲ. ಹೊರಗೆ ಸರಮಾಲೆ ಪಟಾಕಿ, ಎಲ್ಲರ ಮನೆಯಲ್ಲಿ ನೆಂಟರು, ಮೆಟ್ಟಿಲಿನ ತುಂಬ ಚಪ್ಪಲಿ. ಅವನ ಮನೆಯಲ್ಲಿ ಫ್ರಿಜ್ಜಿನ ಗುಂಯ್ ಎನ್ನುವ ಸದ್ದೊಂದೇ. ಸಂಜೆ ಶೀತಲ್ ಫೋನ್ ಮಾಡಿದಳು.

"ಅಣ್ಣಾ, ದನಿ ಯಾಕ ಹಿಂಗಾಗೈತಿ? ಉಂಡಿಯಿಲ್ಲೋ?"

"ಕಂಪ್ಯೂಟರ್ ಕೆಟ್ಟೈತವ್ವಾ."

"ಅದಕ್ಕ ಇಷ್ಟ್ಯಾಕ? ಇಲ್ಲೇ ಬಂದಬಿಡು ನೀ. ಅಲ್ಲಿ ಯಾರದಾರ ನಿನಗ?"

"ನೌಕರಿ ಐತಲ್ಲ."

"ನೌಕರಿ ಐತಿ," ಎಂದಳು ಶೀತಲ್.

ಮರುದಿನ ಎದ್ದು ಕೂತು, ಆ ಎರಡು ತುಣುಕುಗಳನ್ನು ಹಿಡಿದು ಯೋಚಿಸಿದ. ಮೇ ತಿಂಗಳಲ್ಲಿ ಯಂತ್ರ ಗೆರೆ ಮಿಣುಕಿಸುತ್ತ ಕಾದಿತ್ತು. ಅಂದರೆ ತಾತ್ಕಾಲಿಕ ವ್ಯವಸ್ಥೆ ಬದುಕಿತ್ತು. ಈ ಸಲ ಕರ್ನೆಲ್ ತಾನೇ ಕೈಚೆಲ್ಲಿದೆ. ಯಾವ ಡಿಸ್ಕ್ ಎಂದೇ ಅದಕ್ಕೆ ಗೊತ್ತಾಗಿಲ್ಲ. ಹಾಗಾದರೆ ಆ ಗಂಟೇ ಅದರ ಕೈಗೆ ಸಿಕ್ಕಿಲ್ಲ. ಅಪ್‌ಡೇಟ್ ಆಗುವಾಗ ಹೊಸ ಗಂಟು ಪೂರ್ತಿ ಕಟ್ಟಿಲ್ಲದಿರಬೇಕು. ಹಳೆಯ ಕರ್ನೆಲ್ಲಿನದು ಸರಿಯಾಗಿಯೇ ಇರುತ್ತದೆ. ಗ್ರಬ್ಬಿನಲ್ಲಿ ಅದನ್ನು ಆರಿಸಬೇಕು.

ಆರಿಸುವುದು ಹೇಗೆ? ಪಟ್ಟಿ ಯಾವಾಗ ಬರುತ್ತದೆಂದು ಕೇಳಿಸುವುದಿಲ್ಲ, ಬಂದರೂ ಕೆಲವೇ ಕ್ಷಣ ಇರುತ್ತದೆ. ಯಶಿಕಾ ಓದಿದ ಸಾಲುಗಳು ನೆನಪಿದ್ದವು. ಕೆಳಬಾಣ ಒಮ್ಮೆ, ಎಂಟರ್. ಮತ್ತೆ ಕೆಳಬಾಣ ಎರಡು ಸಲ, ಎಂಟರ್. ಬೀಪ್ ಆದೊಡನೆ ಒತ್ತಿದ, ಆಗಲಿಲ್ಲ. ಇನ್ನಷ್ಟು ತಡೆದು ಒತ್ತಿದ, ಆಗಲಿಲ್ಲ. ಪ್ರತಿ ಸಲವೂ ದನಿಗಾಗಿ ಕಾಯಬೇಕು, ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಆರಿಸಬೇಕು. ಆ ಬೆಳಗೆಲ್ಲ ಅದೇ ಆಯಿತು. ಊಟದ ಹೊತ್ತು ಮೀರಿದಾಗ, ಯಾವಾಗ ಒತ್ತಿದೆ ಎಂದು ತನಗೇ ನೆನಪಿಲ್ಲದ ಒಂದು ಸಲ, ಡಿಸ್ಕಿನ ಕರಕರ ನಿಲ್ಲದೆ ಮುಂದುವರಿಯಿತು. ದನಿ ಬಂತು. ಮಾಮೂಲಿನಂತೆ ಪಾಸ್‌ವರ್ಡ್ ಕೇಳಿತು. ಪ್ರಭುದೇವ ತಕ್ಷಣ ಟೈಪ್ ಮಾಡಲಿಲ್ಲ. ಮೇಜಿನ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದ.

ಯಂತ್ರ ಶುರುವಾಗಲು ಬೇಕಾದವನ್ನು ಇಡುವ ಬೂಟ್ ಭಾಗದಲ್ಲಿ ಹಳೆಯ ಕರ್ನೆಲ್‌ಗಳು ತುಂಬಿ, ಹೊಸ ಗಂಟು ಬರೆಯಲು ಜಾಗವೇ ಇರಲಿಲ್ಲ. ಬೇಡದ್ದನ್ನು ತೆಗೆದು, ಮತ್ತೆ ಕಟ್ಟಿಸಿದ. ಸರಿಯಾಯಿತು. ಆದರೆ ಆ ಹಬ್ಬದ ದಿನಗಳು ಅವನ ಮನಸ್ಸಿನಿಂದ ಹೋಗಲಿಲ್ಲ. ಇನ್ನು ಮುಂದೆ ಆ ಭಾಗ ತನ್ನ ಕಿವಿಗೇ ಬೀಳಬೇಕು ಎಂದು ನಿಶ್ಚಯಿಸಿದ.

ಮೊದಲು ಗ್ರಬ್‌ಗೆ ಒಂದು ಸ್ವರ ಹೇಳಿಕೊಟ್ಟ. ಅದರ ಕಡತದಲ್ಲಿ ಒಂದು ಸಾಲು ಸೇರಿಸಿದರೆ, ಪಟ್ಟಿ ಪರದೆಗೆ ಬರುವ ಹೊತ್ತಿಗೆ ಅದು ಪುಟ್ಟ ಸ್ಪೀಕರಿನಿಂದ ಸ್ವರ ಹೊರಡಿಸುತ್ತದೆ. ಇನ್ನು ಕತ್ತಲಲ್ಲಿ ಬಾಣ ಒತ್ತಬೇಕಾಗಿಲ್ಲ. ಎರಡನೆಯ ಕೆಲಸ ದೊಡ್ಡದು. ಹಳೆಯ ಕಂಪ್ಯೂಟರುಗಳ ಹಿಂದೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇರುತ್ತದೆ. ಪರದೆಯ ಮೇಲೆ ಬರೆಯುವುದನ್ನೆಲ್ಲ ಆ ಪೋರ್ಟಿಗೂ ಕಳಿಸು ಎಂದು ಕರ್ನೆಲ್‌ಗೆ ಹೇಳಬಹುದು. ಅಲ್ಲಿಂದ ಕೇಬಲ್ ಎಳೆದು, ಮೊದಲೇ ಎಚ್ಚರವಾಗಿ ಮಾತಾಡುತ್ತಿರುವ ಇನ್ನೊಂದು ಕಂಪ್ಯೂಟರಿಗೆ ಕೊಟ್ಟರೆ, ಅದು ಇದರ ಸಾಲುಗಳನ್ನು ಓದುತ್ತದೆ. ಶೀತಲ್ ತನ್ನ ಮನೆಯ ಹಳೆಯ ಲ್ಯಾಪ್‌ಟಾಪನ್ನು ಕಳಿಸಿಕೊಟ್ಟಳು. ಅದರಲ್ಲೂ ಅಂಥ ಪೋರ್ಟ್ ಇತ್ತು, ಓದುವ ತಂತ್ರಾಂಶವನ್ನು ಪ್ರಭುದೇವ ಹಾಕಿಕೊಂಡ.

ಕೇಬಲ್‌ಗಾಗಿ ಮೆಟ್ರೊ ಹತ್ತಿ ಸೀತಾಬರ್ಡಿ ಪೇಟೆಗೆ ಹೋದ. "ಯೇ ಅಬ್ ಕೌನ್ ಲೇತಾ ಹೈ, ಭಾಯಿಸಾಬ್," ಈಗ ಇದನ್ನು ಯಾರು ಕೊಳ್ಳುತ್ತಾರೆ ಎಂದು ಅಂಗಡಿಯವನು ಅಟ್ಟದಿಂದ ಧೂಳು ಹಿಡಿದ ಕೇಬಲ್ ಇಳಿಸಿದ. ಮನೆಗೆ ತಂದು ಜೋಡಿಸಿದರೆ ಲ್ಯಾಪ್‌ಟಾಪು ತುಟಿ ಬಿಚ್ಚಲಿಲ್ಲ. ಅದು ನೇರ ಕೇಬಲ್. ಈ ಕಡೆಯ ಬಾಯಿಯನ್ನು ಆ ಕಡೆಯ ಬಾಯಿಗೆ, ಕಿವಿಯನ್ನು ಕಿವಿಗೆ ಕೂಡಿಸಿದಂತಾಗಿತ್ತು. ಒಳಗೆ ತಂತಿ ಅಡ್ಡ ಹಾಯ್ದಿರುವ ಕೇಬಲ್ ಬೇಕಿತ್ತು. ಮುಂದಿನ ವಾರ ಮತ್ತೆ ಹೋಗಿ ಅದನ್ನು ತಂದ.

ಜೋಡಿಸಿ ಗುಂಡಿ ಒತ್ತಿದ. ಫ್ಯಾನು, ಬೀಪ್, ಗ್ರಬ್ಬಿನ ಸ್ವರ. ಆಮೇಲೆ, ಇಷ್ಟು ವರ್ಷ ಏನೂ ಕೇಳದಿದ್ದ ಜಾಗದಲ್ಲಿ, ಪಕ್ಕದ ಲ್ಯಾಪ್‌ಟಾಪು ಗಡಗಡನೆ ಓದತೊಡಗಿತು. ಕರ್ನೆಲ್ಲಿನ ಹೆಸರು, ಮೆಮರಿ, ಪ್ರೊಸೆಸರ್, ಡಿಸ್ಕ್. ಯಶಿಕಾ ಅವಸರದಲ್ಲಿ ಹಾರಿಸಿಬಿಡುತ್ತಿದ್ದ ಸಾಲುಗಳನ್ನೂ ಅದು ಬಿಡಲಿಲ್ಲ.

ಯಂತ್ರ ದಾರಿಯಲ್ಲಿ ನಿಂತರೂ ಕೇಳುತ್ತದೆಯೋ ಎಂದು ನೋಡಬೇಕಿತ್ತು. ತಾತ್ಕಾಲಿಕ ವ್ಯವಸ್ಥೆಯಲ್ಲೇ ಬೇಕೆಂದು ನಿಲ್ಲಿಸುವ ಒಂದು ಪದ ಇದೆ. ಅದನ್ನು ಗ್ರಬ್ಬಿನಲ್ಲಿ ಸೇರಿಸಿ ಶುರುಮಾಡಿದ. ಸಾಲುಗಳು ಬಂದವು, ನಿಂತವು. ಆದರೆ ಅವನು ಲ್ಯಾಪ್‌ಟಾಪಿನಲ್ಲಿ ಒತ್ತಿದ ಅಕ್ಷರಕ್ಕೆ ಉತ್ತರವಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು: ಪರದೆ ಮತ್ತು ಪೋರ್ಟ್ ಎರಡನ್ನೂ ಹೆಸರಿಸಿದಾಗ, ಮುಂದೇನು ಮಾಡಲಿ ಎಂಬ ಪ್ರಶ್ನೆ ಬರುವುದು ಕೊನೆಗೆ ಹೆಸರಿಸಿದ ಕಡೆಗೇ. ಅವನು ಪರದೆಯನ್ನು ಕೊನೆಗೆ ಬರೆದಿದ್ದ. ಅದಲುಬದಲು ಮಾಡಿದ.

ಈ ಸಲ ಲ್ಯಾಪ್‌ಟಾಪು ಹೇಳಿತು: ಇನಿಟ್‌ರ‍್ಯಾಮ್‌ಎಫ್ಎಸ್. ಹೇಳಿ ಸುಮ್ಮನಾಯಿತು. ಪ್ರಭುದೇವ, ಇಲ್ಲಿ ಏನೇನಿದೆ ಎಂದು ಕೇಳುವ ಆದೇಶ ಟೈಪ್ ಮಾಡಿದ. ಕೆಲವು ಹೆಸರುಗಳು ಬಂದವು, ಅವುಗಳಲ್ಲೊಂದು ರೂಟ್. ನಿಜವಾದ ಡಿಸ್ಕ್ ಬಂದು ಕೂಡಿಕೊಳ್ಳಬೇಕಾದ ಜಾಗ ಅದು. ಅದರೊಳಗೆ ಏನಿದೆ ಎಂದು ಕೇಳಿದ. ಏನೂ ಇರಲಿಲ್ಲ. ಮತ್ತೊಮ್ಮೆ ಕೇಳಿದ. ಖಾಲಿ. ಆಮೇಲೆ ಹೊರಡುವ ಆದೇಶ ಕೊಟ್ಟ. ಡಿಸ್ಕ್ ಕರಕರ ಅಂದಿತು, ಸಾಲುಗಳು ಮತ್ತೆ ಹರಿದವು, ಕೊನೆಯಲ್ಲಿ ಅವನ ಕಂಪ್ಯೂಟರಿನ ಸ್ವಂತ ದನಿ ಬಂತು. ಸ್ವಲ್ಪ ಹೊತ್ತು ಎರಡು ಯಂತ್ರಗಳೂ ಒಟ್ಟಿಗೆ ಮಾತಾಡಿದವು.

ಈ ಖುಷಿಯನ್ನು ಯಾರಿಗೆ ಹೇಳುವುದು? ಕಚೇರಿಯಲ್ಲಿ ಹೇಳಿದರೆ ತಿಳಿಯುವವರಿಲ್ಲ. ಭಾನುವಾರ ತೇಜಪುರಕ್ಕೆ ಫೋನ್ ಮಾಡಿದ. ಯಶಿಕಾ ಈಗ ಅಲ್ಲಿನ ಶಾಲೆಯೊಂದರಲ್ಲಿ ಟೀಚರ್ ಆಗಿದ್ದಳು. ಹಿಂದೆ ಯಾರೋ ಹೆಂಗಸರ ನಗು ಕೇಳುತ್ತಿತ್ತು.

"ಮೊದಲಿಂದ ಕಡೀತನಕ ಎಲ್ಲಾ ಕೇಳಸ್ತೈತ್ರಿ ಈಗ. ನಿಂತ್ರೂ ಎಲ್ಲಿ ನಿಂತೈತಿ ಅಂತ ಹೇಳತೈತಿ."

"ನಿಜವಾಗ್ಲೂ? ಭಾರೀ ಆಯ್ತಲ್ಲ ಅಣ್ಣ." ದನಿಯಲ್ಲಿ ಸಂತೋಷವಿತ್ತು. "ಹಾಗಾದ್ರೆ ಇನ್ನು ಓದೋಕೆ ಯಾರೂ ಬೇಡ ಅನ್ನಿ."

"ಹಂಗಲ್ರಿ," ಎಂದ ಪ್ರಭುದೇವ. ಆಮೇಲೆ ಹೇಳಿಯೇಬಿಟ್ಟ. "ಒಂದ್ ಮಾತ್ ಹೇಳ್ಬೇಕಿತ್ರಿ. ಶನಿವಾರ ಶನಿವಾರ ನೀವು ಓದ್ತಿದ್ರಲ್ಲ, ಅದನ್ನ ಆಮ್ಯಾಲೆ ನಾನ ಕೇಳ್ಕೋಬೌದಿತ್ತು. ನಿಮಗ ಸುಮ್ನ ತ್ರಾಸ ಕೊಟ್ಟೆ."

ಯಶಿಕಾ ಹೇಳಿದಳು. "ನಂಗೊತ್ತಿತ್ತು ಅಣ್ಣ. ರಂಜನ್ ಮೊದಲೇ ಹೇಳಿದ್ರು, ಅದೆಲ್ಲ ಒಳಗೆ ಉಳಿದಿರುತ್ತೆ ಅಂತ."

"ಮತ್ಯಾಕ ಬರ್ತಿದ್ರಿ?"

"ಮಧ್ಯಾಹ್ನ ಹೊತ್ತು ಮನೇಲಿ ಒಬ್ಬಳೇ ಏನ್ ಮಾಡ್ಲಿ? ನಂಗೂ ಯಾರಿದ್ರು ಅಲ್ಲಿ?"

ಅಷ್ಟರಲ್ಲಿ ಆಕೆಯನ್ನು ಯಾರೋ ಕರೆದರು. ಮತ್ತೆ ಮಾಡುತ್ತೇನೆ ಎಂದಳು. ಮಾಡಿದಳು ಕೂಡ, ಯುಗಾದಿಗೆ. ಆಮೇಲೆ ಫೋನುಗಳ ನಡುವಿನ ಅಂತರ ಹೆಚ್ಚುತ್ತ ಹೋಯಿತು. ಅದರಲ್ಲಿ ಇಬ್ಬರ ತಪ್ಪೂ ಇರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ಶನಿವಾರ ಕರೆಂಟು ಹೋಗಿ ಬಂತು. ಯಂತ್ರ ಮತ್ತೆ ದಾರಿಯಲ್ಲಿ ನಿಂತಿತು. ಲ್ಯಾಪ್‌ಟಾಪು ಕಾರಣ ಓದಿತು, ಪ್ರಭುದೇವ ಎಫ್ ಎಸ್ ಸಿ ಕೆ ಓಡಿಸಿದ, ಹೊರಡಿಸಿದ. ಚಹಾಕ್ಕಿಟ್ಟ ನೀರು ಕುದಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೋದ ವರ್ಷ ಇದೇ ಕೆಲಸಕ್ಕೆ ಒಂದು ಮಧ್ಯಾಹ್ನವೇ ಬೇಕಾಗಿತ್ತು. ಈಗ ಆ ಮಧ್ಯಾಹ್ನ ಇಡಿಯಾಗಿ ಮುಂದಿತ್ತು.

ಸ್ವಲ್ಪ ಹೊತ್ತು ಪತ್ರಿಕೆ ಓದಿಸಿಕೊಂಡ. ಮನಸ್ಸು ನಿಲ್ಲಲಿಲ್ಲ. ಅಷ್ಟರಲ್ಲಿ ಕರೆಂಟು ಮತ್ತೆ ಹೋಯಿತು, ಈ ಸಲ ಬೇಗ ಬರುವ ಲಕ್ಷಣ ಕಾಣಲಿಲ್ಲ. ಕೂಲರು ನಿಂತ ಮನೆಯಲ್ಲಿ ಕೂರಲಾಗದೆ, ಕುರ್ಚಿ ಎತ್ತಿಕೊಂಡು ಬಂದು ಮೆಟ್ಟಿಲ ಬಳಿಯ ಕಾರಿಡಾರಿನಲ್ಲಿ ಹಾಕಿಕೊಂಡು ಕೂತ. ಅಲ್ಲಿ ಅಷ್ಟಿಷ್ಟು ಗಾಳಿ ಬರುತ್ತಿತ್ತು. ಮೇಲಿನಿಂದ ಒಬ್ಬಳು ಮುದುಕಿ ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಏದುಸಿರು ಕೇಳುತ್ತಿತ್ತು. ನಿಖಿಲ್‌ನ 'ಆಜಿ', ಅವನ ಅಜ್ಜಿ ಗಂಗೂಬಾಯಿ. ಇಷ್ಟು ವರ್ಷ ಒಂದೇ ಕಟ್ಟಡದಲ್ಲಿದ್ದರೂ ಅವಳ ಜೊತೆ ಮಾತಾಡಿದ್ದು ಅಪರೂಪ.

"ಲಾಯಿಟ್ ಗೇಲಿ ನಾ ಬಾಬಾ," ಎಂದಳು. ಲೈಟು ಹೋಯಿತಲ್ಲಪ್ಪ ಎಂದು.

"ಹೋ ಆಜಿ," ಎಂದು ಹೂಂಗುಟ್ಟಿ ಪ್ರಭುದೇವ ಎದ್ದು ಕುರ್ಚಿ ಅವಳ ಕಡೆ ಸರಿಸಿದ. ಅವಳು ಕೂತಳು. ಅವನು ಗೋಡೆಗೊರಗಿ ನಿಂತ. ಗಾಳಿ ಬಂದಾಗ, ಬಂತು ಎಂದಳು. ಅವನು ಹೌದೆಂದ.